ಕಿವಿಯ ಓಲೆ, ಕೈಯ ಓಲೆ

ಗೌರಿ ಹಬ್ಬ ಹತ್ತಿರ ಬಂತೆಂದರೆ ಹಳೇ ಮೈಸೂರು ಕಡೆಯ ಗ್ರಂದಿಗೆ ಅಂಗಡಿಗಳಲ್ಲಿ ಮೊರದ ಬಾಗಿನದ ಸಾಮಾನು ಗುಡ್ಡೆ ಬೀಳುತ್ತದೆ. ಅರಿಸಿನ, ಕುಂಕುಮ, ಕರಿಮಣಿ, ಕನ್ನಡಿ, ಬಾಚಣಿಗೆ, ಜೊತೆಗೆ ಬಳೆ-ಬಿಚ್ಚೋಲೆ. ಬಳೆ ಎಲ್ಲರಿಗೂ ಗೊತ್ತು. ಬಿಚ್ಚೋಲೆಯನ್ನು ಕೈಗೆತ್ತಿಕೊಂಡು ನೋಡಬೇಕು: ಒಣಗಿದ ತಾಳೆಗರಿಯ ಸಣ್ಣ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಬಣ್ಣ ತಾಗಿಸಿದ ಸುರುಳಿ, ಅಷ್ಟೇ. ಕೊಡುವವರೂ ತೆಗೆದುಕೊಳ್ಳುವವರೂ ಅದನ್ನು ಶಾಸ್ತ್ರದ ವಸ್ತುವೆಂದು ಎತ್ತಿಡುತ್ತಾರೆ. ಆದರೆ ಕನ್ನಡದ ಹೆಂಗಸರ ಕಿವಿಯ ಮೊದಲ ಓಲೆ ಇಂಥದ್ದೇ. ಇಂದು ಚಿನಿವಾರನ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುವ ಒಡವೆಗೆ ಹೆಸರು ಕೊಟ್ಟದ್ದು ಈ ಗರಿ.

ಓಲೆ ಎಂದರೆ ಮೂಲದಲ್ಲಿ ತಾಳೆಯ ಗರಿ. ತಮಿಳಿನ ಓಲೈ, ಮಲಯಾಳದ ಓಲ ಇದರ ಒಡಹುಟ್ಟುಗಳು. ಗರಿ ಕಿವಿಗೆ ಹೋದದ್ದಕ್ಕೆ ಕಾರಣ ಅದರ ಗುಣವೇ. ಒಣಗರಿಯನ್ನು ಸುತ್ತಿ ಕಿವಿಯ ತೂತಿಗೆ ತುರುಕಿದರೆ ಅದು ಬಿಚ್ಚಿಕೊಳ್ಳಲು ಒತ್ತುತ್ತದೆ. ಆ ಒತ್ತಡದಲ್ಲೇ ಜಾರದೆ ನಿಲ್ಲುತ್ತದೆ. ಕೊಂಡಿ ಬೇಡ, ತಿರುಪು ಬೇಡ. ದಿನ ಕಳೆದಂತೆ ತೂತು ಹಿಗ್ಗುತ್ತದೆ, ಸುರುಳಿಯೂ ದಪ್ಪವಾಗುತ್ತದೆ. ಬಿಚ್ಚೋಲೆ ಎಂಬ ಹೆಸರಿನಲ್ಲಿರುವ ‘ಬಿಚ್ಚು’ ಈ ಸ್ವಭಾವವನ್ನೇ ನೆನಪಿಸುತ್ತದೆ.

ಸಂಸ್ಕೃತದ ಶಿಲ್ಪಪರಿಭಾಷೆಯಲ್ಲಿ ಇದಕ್ಕೆ ಪತ್ರಕುಂಡಲ ಎನ್ನುತ್ತಾರೆ. ಚೋಳರ ಕಾಲದ ಕಂಚಿನ ನಟರಾಜರನ್ನು ಗಮನಿಸಿ: ಎರಡು ಕಿವಿಗೂ ಒಂದೇ ಆಭರಣವಿರುವುದಿಲ್ಲ. ಬಲಗಿವಿಯದು ಗಂಡಸಿನದು, ಮಕರಕುಂಡಲ. ಎಡಗಿವಿಯದು ಹೆಂಗಸಿನದು, ಪತ್ರಕುಂಡಲ. ಶಿವನಲ್ಲಿ ಪಾರ್ವತಿ ಇದ್ದಾಳೆಂದು ಹೇಳಲು ಶಿಲ್ಪಿಗೆ ಕಿವಿಯೊಂದೇ ಸಾಕಾಯಿತು.

ಅದೇ ಗರಿ ಕೈಗೂ ಬಂತು. ಗರಿಯನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಬರಹ ಎದ್ದು ಕಾಣುತ್ತದೆ. ಹೀಗೆ ಓಲೆ ಎಂದರೆ ಕಾಗದವೂ ಆಯಿತು, ಪತ್ರವೂ ಆಯಿತು. ಮೂಡಬಿದಿರೆಯಲ್ಲಿ ಜೈನರು ಶತಮಾನಗಳ ಕಾಲ ಕಾಪಾಡಿದ ಧವಲ ಗ್ರಂಥಗಳು ಓಲೆಗರಿಯವು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಅವರ ಕೈಗೆ ಸಿಕ್ಕಿದ್ದೂ ಓಲೆಗರಿಯ ಕಟ್ಟಾಗಿಯೇ. ಸರ್ಕಾರದ ಓಲೆ ಹೊತ್ತು ಊರೂರು ತಿರುಗುತ್ತಿದ್ದವನು ಓಲೆಕಾರ. ಜನರ ಬಾಯಲ್ಲಿ ‘ಓ’ ‘ವಾ’ ಆಗಿ ಅವನು ವಾಲೀಕಾರನಾದ. ಉತ್ತರ ಕರ್ನಾಟಕದಲ್ಲಿ ಅದು ಇವತ್ತಿಗೂ ಮನೆತನದ ಹೆಸರು. ಹಳ್ಳಿಯ ಅಜ್ಜಿಯರು ಕಿವಿಯದನ್ನು ‘ವಾಲೆ’ ಎನ್ನುವುದೂ ಇದೇ ಜಾಡಿನಲ್ಲಿ. ಮದುವೆಗೆ ಕರೆಯೋಲೆ ಹಂಚುವವರ ಕೈಯಲ್ಲಿ ಗರಿ ಉಳಿದಿಲ್ಲ, ಮಾತು ಉಳಿದಿದೆ.

ಇದು ಕನ್ನಡದ ಚಮತ್ಕಾರ ಮಾತ್ರವೆಂದುಕೊಳ್ಳಬಾರದು. ಪಕ್ಕದ ತೆಲುಗಿನಲ್ಲಿ ‘ಕಮ್ಮ’ ಎಂಬ ಬೇರೆಯದೇ ಪದವಿದೆ. ಅದಕ್ಕೂ ತಾಳೆಗರಿ, ಪತ್ರ, ಕಿವಿಯಾಭರಣ ಎಂಬ ಮೂರೂ ಅರ್ಥಗಳಿವೆ. ಎರಡು ಬೇರೆ ಪದಗಳು ಒಂದೇ ದಾರಿ ಹಿಡಿದಿವೆ ಎಂದರೆ, ಆ ದಾರಿ ತೋರಿಸಿದ್ದು ಮರವೇ.

ಚಿನ್ನ ಬಂದ ಮೇಲೆ ಗರಿ ಹೋಯಿತು, ಹೆಸರು ಕದಲಲಿಲ್ಲ. ವಸ್ತು ಬದಲಾದಂತೆ ಹೆಸರಿನ ಮುಂದೆ ಒಂದು ಪದ ಸೇರುತ್ತ ಬಂತು: ಬೆಂಡೋಲೆ, ಮುತ್ತಿನೋಲೆ, ಕೆಂಪಿನೋಲೆ. ಉದ್ದದ ಸುರುಳಿ ಹೋಗಿ, ಎದುರಿನಿಂದ ಕಾಣುತ್ತಿದ್ದ ಅದರ ದುಂಡು ಮುಖವೊಂದೇ ಒಡವೆಯಾಗಿ ಉಳಿಯಿತು. ಭಾರದ ಓಲೆಗೆ ಕಿವಿ ಜೋತುಬೀಳದಿರಲೆಂದು ಕೂದಲಿಗೆ ಸಿಕ್ಕಿಸುವ ಕೆನ್ನೆಸರಪಳಿ ಬಂತು. ಹಿಂದೆ ತಿರುಪು ಬಂತು. ನಡುವೆ ಒಂದು, ಸುತ್ತ ಆರು ಹರಳು ಕೂರಿಸಿದ ಏಳು ಹರಳಿನ ವಜ್ರದ ಓಲೆ ದಕ್ಷಿಣದ ಅನುಕೂಲಸ್ಥ ಮನೆಗಳ ಹೆಮ್ಮೆಯಾಯಿತು. ಅಂಥ ಹಳೆಯ ಜೋಡಿಗಳಲ್ಲಿ ತುಸು ನೀಲಿ ಹೊಳಪಿನ ವಜ್ರಕ್ಕೆ ವ್ಯಾಪಾರಿಗಳು ಇಂದಿಗೂ ‘ಬ್ಲೂ ಜಾಗರ್’ ಎನ್ನುತ್ತಾರೆ. ಆ ಹೆಸರು ಬಂದದ್ದು ಜಾಗರ್ಸ್‌ಫಾಂಟೀನ್ ಎಂಬ ದಕ್ಷಿಣ ಆಫ್ರಿಕಾದ ಹಳೆಯ ವಜ್ರದ ಗಣಿಯಿಂದ. ತಾಳೆಮರದ ಹೆಸರು ಹೊತ್ತ ಒಡವೆಯಲ್ಲಿ ಆಫ್ರಿಕಾದ ಗಣಿಯ ಹೆಸರೂ ಬಂದು ಕೂತಿದೆ. ಇಂಥ ಓಲೆಯನ್ನು ಕರಗಿಸಿ ಹೊಸ ಡಿಸೈನ್ ಮಾಡಿಸುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಮಾಡಿದ ಕೈಯ ಗುರುತು ಕುಲುಮೆಯಲ್ಲಿ ಮೊದಲು ಅಳಿಯುತ್ತದೆ.

ಈ ಪದದ ಬದುಕಿನಲ್ಲಿ ನನಗೆ ಒಪ್ಪಿಗೆಯಾಗದ ತಿರುವೂ ಒಂದಿದೆ: ಓಲೆಭಾಗ್ಯ. ಗಂಡ ಬದುಕಿದ್ದರೆ ಕಿವಿಯಲ್ಲಿ ಓಲೆ, ಸತ್ತರೆ ಬೋಳುಗಿವಿ. ‘ನನ್ನ ಓಲೆಭಾಗ್ಯ ಉಳಿಸು ತಾಯೀ’ ಎಂದು ಹೆಣ್ಣು ದೇವರ ಮುಂದೆ ಬೇಡುವಾಗ ಓಲೆ ಒಡವೆಯಾಗಿ ಉಳಿದಿರಲಿಲ್ಲ, ಗಂಡನ ಉಸಿರಿಗೆ ಕಟ್ಟಿದ ಲೆಕ್ಕವಾಗಿತ್ತು. ಹೆಣ್ಣುಮಗುವಿನ ಕಿವಿ ಚುಚ್ಚುವುದು ಎಳೆತನದಲ್ಲೇ. ಮದುವೆಯ ಮಾತು ಏಳುವ ಎಷ್ಟೋ ವರ್ಷ ಮೊದಲೇ ಅವಳು ಓಲೆ ಇಟ್ಟಿರುತ್ತಾಳೆ. ಹುಟ್ಟುಮನೆಯಿಂದ ಬಂದದ್ದನ್ನು ಗಂಡನ ಕಡೆಯ ಭಾಗ್ಯವೆಂದು ಯಾಕೆ ಬರೆಯಬೇಕಿತ್ತು? ಗಂಡ ತೀರಿಕೊಂಡ ಮೇಲೂ ಓಲೆ ತೆಗೆಯದ ಅಮ್ಮಂದಿರು, ಅತ್ತೆಯರು ಈಗ ನಮ್ಮ ಮನೆಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಬಾಗಿನವನ್ನೂ ಕೊಡುತ್ತಿದ್ದಾರೆ, ಪಡೆಯುತ್ತಿದ್ದಾರೆ.