ಮೇನ್‌ಫ್ರೇಮ್ ಸೆಷನ್: ಆರಂಭ ಮತ್ತು ಮುಕ್ತಾಯ

ಸೆಷನ್ ಎಂದರೆ ಎರಡು ಗಣಕಗಳ ಪ್ರೋಗ್ರಾಮುಗಳು ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಮೊದಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಬಿಡಿಸಿಕೊಳ್ಳುವ ತಾತ್ಕಾಲಿಕ ಕರಾರು. ಲೈನು ಬೇರೆ, ಸೆಷನ್ ಬೇರೆ. ಲೈನು ದಿನವಿಡೀ ಚಾಲೂ ಇದ್ದರೂ ಅದರ ಮೇಲೆ ಒಂದೂ ಸೆಷನ್ ಇಲ್ಲದಿರಬಹುದು.

ಐಬಿಎಂ ಕಂಪನಿಯು ಎಸ್‌ಎನ್‌ಎ ಜಾಲವಿನ್ಯಾಸವನ್ನು ಪ್ರಕಟಿಸಿದ್ದು 1974ರ ಸೆಪ್ಟೆಂಬರಿನಲ್ಲಿ. ಮೇನ್‌ಫ್ರೇಮುಗಳು ಪರಸ್ಪರ ಮಾತಾಡತೊಡಗಿದ್ದೂ ಆ ವರ್ಷದಿಂದಲೇ ಎಂದು ಹಲವೆಡೆ ಬರೆದಿರುವುದು ಸರಿಯಲ್ಲ. ಮೊದಲ ಎಸ್‌ಎನ್‌ಎಯಲ್ಲಿ ಯಜಮಾನ ಗಣಕ ಒಂದೇ. ಉಳಿದವೆಲ್ಲ ಅದರ ಕೈಕೆಳಗಿನ ಟರ್ಮಿನಲ್‌ಗಳು. ಹಲವು ಮೇನ್‌ಫ್ರೇಮುಗಳನ್ನು ಒಂದೇ ಜಾಲಕ್ಕೆ ಸೇರಿಸುವ ಎಸಿಎಫ್ ಸವಲತ್ತು ಪ್ರಕಟವಾದದ್ದು 1976ರಲ್ಲಿ. ನಿಜವಾದ ತಿರುವು ಅದೇ.

ಸೆಷನ್ ಮಾಡಿಕೊಳ್ಳುವ ವಿಧಾನ ಹೀಗಿದೆ: ಎರಡೂ ಕಡೆಯ ನಿಯಂತ್ರಕಗಳು ಮೊದಲು ತಮ್ಮೊಳಗೆ ಒಪ್ಪಿಕೊಳ್ಳುತ್ತವೆ. ಬಳಿಕ ಮುಖ್ಯ ಪಕ್ಷವು 'ಬೈಂಡ್' ಸಂದೇಶ ಕಳಿಸುತ್ತದೆ. ಒಂದು ಸಲಕ್ಕೆ ಎಷ್ಟು ಮಾಹಿತಿ, ಯಾವ ವೇಗದಲ್ಲಿ ಎಂಬ ಷರತ್ತುಗಳು ಅದರಲ್ಲೇ ಇರುತ್ತವೆ. ಎದುರಿನ ಪಕ್ಷ ಒಪ್ಪಿದರೆ ಸೆಷನ್ ಶುರು, ನಿರಾಕರಿಸಿದರೆ ಅಲ್ಲಿಗೇ ನಿಂತಿತು. ಮುಕ್ತಾಯಕ್ಕೆ 'ಅನ್‌ಬೈಂಡ್'. ಇಡೀ ಜಾಲ ನಿಲ್ಲಿಸಬೇಕಾದಾಗ ಆಪರೇಟರನ ಮುಂದೆ ಮೂರು ದಾರಿ. ಬರಿಯ 'ಹಾಲ್ಟ್ ನೆಟ್' ಆದೇಶ ಹೊಸಬರನ್ನು ತಡೆದು, ಇದ್ದವರು ತಾವಾಗಿ ಮುಗಿಸುವವರೆಗೆ ಕಾಯುತ್ತದೆ. 'ಕ್ವಿಕ್' ಸೇರಿಸಿದರೆ ಕಾಯದೆ ಎಲ್ಲರ ಸೆಷನ್ ಮುಗಿಸುತ್ತದೆ. 'ಕ್ಯಾನ್ಸಲ್' ಅಂದರೆ ಒಮ್ಮೆಲೇ ಕಡಿದುಹಾಕುವುದು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸತಕ್ಕದ್ದು.

ಎಸ್‌ಎನ್‌ಎಗೆ 1982ರಲ್ಲಿ ಸೇರಿದ ಎಲ್‌ಯು 6.2 ಎಂಬ ಸೆಷನ್ ವಿಧ ಎರಡು ಪ್ರೋಗ್ರಾಮುಗಳಿಗೆ ಸಮಾನ ಸ್ಥಾನ ಕೊಟ್ಟಿತು. ಭಾರತದಿಂದ ಐಬಿಎಂ ಅದಕ್ಕೂ ಮೊದಲೇ, 1978ರಲ್ಲಿ, ಹೊರನಡೆದಿತ್ತು. ಅದರ ಯಂತ್ರಗಳ ದುರಸ್ತಿಯನ್ನು ವಹಿಸಿಕೊಂಡ ಸರಕಾರಿ ಸಂಸ್ಥೆ ಸಿಎಂಸಿ, 1986ರ ಹೊತ್ತಿಗೆ ಇಂಡೋನೆಟ್ ಎಂಬ ಜಾಲದ ಮೂಲಕ ಮೇನ್‌ಫ್ರೇಮುಗಳನ್ನು ಜೋಡಿಸಿತು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಂಥ ಊರುಗಳ ಜನಕ್ಕೆ ಇಂಥ ಸಂಪರ್ಕದ ಫಲ ದೊರೆತದ್ದು ಬ್ಯಾಂಕಿಗಿಂತ ಮೊದಲು ರೈಲಿನಿಂದ. ಸಿಎಂಸಿ ರೂಪಿಸಿದ ಇಂಪ್ರೆಸ್ ಎಂಬ ಸೀಟು ಕಾಯ್ದಿರಿಸುವ ವ್ಯವಸ್ಥೆ 1985ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತಾದರೂ, ಆಮೇಲೆ ಬೇರೆ ಊರುಗಳಲ್ಲಿ ಬಂದ ಕೇಂದ್ರಗಳು ಪ್ರತ್ಯೇಕ ದ್ವೀಪಗಳಾಗಿಯೇ ಉಳಿದವು. ದೆಹಲಿಗೆ ಹೊರಟ ಬ್ಯಾಡಗಿಯ ಮೆಣಸಿನಕಾಯಿ ವರ್ತಕ, ಹಿಂದಿರುಗುವ ಸೀಟಿಗೆ ತಂತಿ ಕಳಿಸಿ ಉತ್ತರಕ್ಕೆ ಕಾಯಬೇಕಾದ ಕಾಲ ಅದು. ರೈಲ್ವೆಯ ಕ್ರಿಸ್ ಸಂಸ್ಥೆಯ ಕಾನ್ಸರ್ಟ್ ತಂತ್ರಾಂಶ 1994ರಲ್ಲಿ ಸಿಕಂದರಾಬಾದಿನಲ್ಲಿ ಚಾಲೂ ಆಯಿತು. 1999ರ ಏಪ್ರಿಲ್ ಹೊತ್ತಿಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಕೇಂದ್ರಗಳು ಒಂದೇ ಜಾಲದಲ್ಲಿ ಸೇರಿದವು. ಕೌಂಟರಿನ ಗುಮಾಸ್ತ ಕೇಳಿದ ಸೀಟು ಬೇರೆ ಕೇಂದ್ರದಲ್ಲಿದ್ದರೆ, ಗಣಕಗಳೇ ತಮ್ಮೊಳಗೆ ವ್ಯವಹಾರ ಮುಗಿಸುವಂತಾಯಿತು. ಸೀಟು ಎರಡೂ ಕಡೆ ದಾಖಲಾಗಬೇಕು, ಇಲ್ಲವೇ ಎಲ್ಲೂ ಆಗಬಾರದು. ಕಷ್ಟದ ಕೆಲಸ ಇದ್ದದ್ದು ಇಲ್ಲಿ.

ರೈಲ್ವೆಯ ಈ ಯಂತ್ರಗಳನ್ನೂ ಮೇನ್‌ಫ್ರೇಮ್ ಎಂದು ಕರೆಯುವ ರೂಢಿ ಬೆಳೆದಿದೆ. ಆದರೆ ಕಾನ್ಸರ್ಟ್ ನಡೆದದ್ದು ಡಿಜಿಟಲ್ ಕಂಪನಿಯ ಓಪನ್‌ವಿಎಂಎಸ್ ಗಣಕಗಳ ಮೇಲೆ. ಅದನ್ನು ಎಸ್‌ಎನ್‌ಎ ಚರಿತ್ರೆಯ ಭಾಗವಾಗಿ ಎಣಿಸಲಾಗದು.