ಅರುಣಾ ಶಾನಭಾಗ: ನಾವು ಮರೆತ ಮೊದಲ ಅಧ್ಯಾಯ

ಅರುಣಾ ಶಾನಭಾಗ ಎಂದೊಡನೆ ನಮಗೆ ನೆನಪಾಗುವುದು ದಯಾಮರಣದ ಮೊಕದ್ದಮೆ. ಸುಮಾರು 42 ವರ್ಷ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿದ ಜೀವ, ಸುಪ್ರೀಂ ಕೋರ್ಟಿನ ತೀರ್ಪು, ಟಿವಿ ಚರ್ಚೆಗಳು. ಆದರೆ ಆ ಕಥೆ ಶುರುವಾದದ್ದು ಕೆಲಸದ ಜಾಗದಲ್ಲಿ ಒಬ್ಬ ನರ್ಸ್ ಎತ್ತಿದ ಆಕ್ಷೇಪದಿಂದ. ಆ ಮೊದಲ ಅಧ್ಯಾಯವನ್ನು ನಾವು ಮರೆತಿದ್ದೇವೆ.

ಅರುಣಾ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಹತ್ತಿರದ ಹಳದೀಪುರದವರು. ಕರಾವಳಿಯ ಅನೇಕರಂತೆ ಅವರೂ ದುಡಿಮೆಗಾಗಿ ಮುಂಬಯಿ ಸೇರಿದರು. ಪರೇಲ್‌ನ ಕೆ.ಇ.ಎಂ. ಆಸ್ಪತ್ರೆ 1926ರಿಂದ ಬಡವರ, ಗಿರಣಿ ಕಾರ್ಮಿಕರ ಆಸರೆ. ಅಲ್ಲಿ ಅವರು ಸ್ಟಾಫ್ ನರ್ಸ್. ಅದೇ ಆಸ್ಪತ್ರೆಯ ವೈದ್ಯರೊಬ್ಬರೊಂದಿಗೆ ಮದುವೆ ನಿಶ್ಚಯವಾಗಿತ್ತು.

ನಾಯಿಗಳ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ನಡೆಯುವ ವಿಭಾಗದಲ್ಲಿ ಅವರಿಗೆ ಡ್ಯೂಟಿ. ಅಲ್ಲಿನ ಸ್ವೀಪರ್ ಒಬ್ಬ ನಾಯಿಗಳ ಆಹಾರ ಕದಿಯುತ್ತಾನೆಂದು ಅರುಣಾ ಅವನನ್ನು ಗದರಿಸಿದ್ದರು, ಮೇಲಿನವರಿಗೆ ಹೇಳುತ್ತೇನೆಂದೂ ಎಚ್ಚರಿಸಿದ್ದರು ಎಂದು ಪ್ರಕರಣದ ಬಗ್ಗೆ ಬರೆದವರು ದಾಖಲಿಸಿದ್ದಾರೆ. 1973ರ ನವೆಂಬರ್ 27ರ ಸಂಜೆ, ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅವನು ಅವರ ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ನಿಂತಿತು. ಅರುಣಾ ಪತ್ತೆಯಾದದ್ದು ಮರುದಿನ ಬೆಳಿಗ್ಗೆ.

ಆಮೇಲೆ ನಡೆದದ್ದು ಮತ್ತೊಂದು ಅನ್ಯಾಯ. ಮದುವೆ ಗೊತ್ತಾದ ಹುಡುಗಿಯ ಮಾನದ ನೆಪದಲ್ಲಿ ಲೈಂಗಿಕ ದೌರ್ಜನ್ಯದ ಮಾತು ದೂರಿನಿಂದಲೇ ಹೊರಗುಳಿಯಿತು. ಕೊಲೆ ಯತ್ನ, ದರೋಡೆಗಳ ಮೇಲೆ ಮಾತ್ರ ಶಿಕ್ಷೆಯಾಗಿ, ಏಳು ವರ್ಷಕ್ಕೆ ಅವನು ಹೊರಬಂದ. ಅರುಣಾ ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯಲ್ಲೇ ಉಳಿದರು.

ಅವರನ್ನು ಕೈಬಿಡದವರು ನರ್ಸ್‌ಗಳು. ದಾಳಿಯ ಬಳಿಕ ಮುಂಬಯಿಯ ನರ್ಸ್‌ಗಳು ಮುಷ್ಕರ ಹೂಡಿ, ಅರುಣಾಗೆ ಒಳ್ಳೆಯ ಆರೈಕೆಯನ್ನೂ ತಮಗೆ ಸುರಕ್ಷಿತ ಕೆಲಸದ ವಾತಾವರಣವನ್ನೂ ಕೇಳಿದರು. ಎಂಬತ್ತರ ದಶಕದಲ್ಲಿ ಮಹಾನಗರಪಾಲಿಕೆ ಅರುಣಾರನ್ನು ಬೇರೆಡೆ ಸಾಗಿಸಲು ಹೊರಟಾಗ ಮತ್ತೆ ಪ್ರತಿಭಟಿಸಿ ತಡೆದರು. ಒಂದು ತಲೆಮಾರು ನಿವೃತ್ತಿಯಾಗಿ ಇನ್ನೊಂದು ಬಂದರೂ ಊಟ, ಸ್ನಾನ, ಮಗ್ಗುಲು ಬದಲಿಸುವುದು ತಪ್ಪಲಿಲ್ಲ. ಪಿಂಕಿ ವಿರಾನಿಯವರ ಅರ್ಜಿಯನ್ನು 2011ರ ಮಾರ್ಚ್ 7ರಂದು ತಿರಸ್ಕರಿಸುವಾಗ ಸುಪ್ರೀಂ ಕೋರ್ಟ್ ಈ ಸೇವೆಯನ್ನು ಮನಸಾರೆ ಮೆಚ್ಚಿತು. ಅರುಣಾರ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಗೇ ಇದೆ ಎಂದಿತು. ಅದೇ ತೀರ್ಪು ದೇಶದಲ್ಲಿ ನಿಷ್ಕ್ರಿಯ ದಯಾಮರಣಕ್ಕೂ ದಾರಿ ತೆರೆಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು.

ಈ ಸೇವೆಯನ್ನು ನಾವು ಹೊಗಳಿದ್ದೇವೆ, ನರ್ಸ್‌ಗಳ ಬೇಡಿಕೆಯನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ವಿಶಾಖಾ ಮಾರ್ಗಸೂಚಿ ಬಂದದ್ದು 1997ರಲ್ಲಿ, ಕಾಯ್ದೆಯಾದದ್ದು 2013ರಲ್ಲಿ, ಅಂದರೆ ಅರುಣಾ ಹಾಸಿಗೆ ಹಿಡಿದು 40 ವರ್ಷಗಳಾದ ಮೇಲೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಗೆ ಮಹಾರಾಷ್ಟ್ರ ಕಾನೂನು ಮಾಡಿದ್ದು 2010ರಲ್ಲಿ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಕೊಲೆಯಾದಾಗ ಸುಪ್ರೀಂ ಕೋರ್ಟ್ ಮತ್ತೆ ಅರುಣಾರ ಹೆಸರನ್ನು ನೆನೆಯಬೇಕಾಯಿತು.

ಕಾನೂನಿನ ಕೈಗೆ ಸಿಗದ ಕಿರುಕುಳವೂ ಇದೆ. ಎಲ್ಲರೆದುರು ಬೈಗುಳ, ಮುಯ್ಯಿ ತೀರಿಸಲೆಂದೇ ಹಾಕುವ ರಾತ್ರಿ ಪಾಳಿ, ಕೇಳಿದಾಗ ಸಿಗದ ರಜೆ, ರೋಗಿಯ ಕಡೆಯವರ ಕೈ ಎತ್ತುವ ಸಿಟ್ಟು. 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಮಾತ್ರ ಸೀಮಿತ. ನಾನು ದುಡಿಯುವ ಐಟಿ ಕ್ಷೇತ್ರದಲ್ಲಿ ದೂರು ಸಮಿತಿ, ರಾತ್ರಿ ಕ್ಯಾಬ್, ಸಿಸಿಟಿವಿ ಎಲ್ಲವೂ ಮಾಮೂಲಿ. ಜೀವ ಕಾಯುವವರಿಗೆ ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ ಕೇಳುವುದು ಅತಿಯಾಸೆಯೇನಲ್ಲ.

ನರ್ಸ್‌ಗಳನ್ನು ದೇವತೆ ಎಂದು ಹೊಗಳುವುದು ಸುಲಭ. ದೇವತೆಗೆ ಸಂಬಳವೂ ಬೇಡ, ವಿಶ್ರಾಂತಿಯೂ ಬೇಡ, ಭದ್ರತೆಯೂ ಬೇಡ ಎಂಬ ಅನುಕೂಲ ಆ ಹೊಗಳಿಕೆಯಲ್ಲಿದೆ. ನಮ್ಮ ಸಂಘದ ಮನೆಗಳಲ್ಲೂ ನರ್ಸ್ ಆಗಿರುವ ಅಕ್ಕ, ತಂಗಿ, ಅತ್ತಿಗೆಯರಿದ್ದಾರೆ. ಮೇ 12ರ ದಾದಿಯರ ದಿನಕ್ಕೆ ಹೂಗುಚ್ಛ ಕೊಡುವ ಮೊದಲು, ಡ್ಯೂಟಿಯಲ್ಲಿ ಅವರನ್ನು ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂದು ಕೇಳೋಣ. ಹೌದೆಂದರೆ, ದೂರು ಬರೆಯುವಾಗ ಜೊತೆಗೆ ಕೂರೋಣ. 1973ರಲ್ಲಿ ಅರುಣಾ ತಪ್ಪನ್ನು ತಪ್ಪು ಎಂದರು. ಅಂಥ ಮಾತು ಆಡಿದವಳು ಒಂಟಿಯಾಗದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.