ಟ್ರ್ಯಾಕ್ ದಿನದ ಸ್ಪೋರ್ಟ್ಸ್ ಕಾರು: ಸಸ್ಪೆನ್ಷನ್ ಆಯ್ಕೆ

ಸ್ಪರ್ಧೆಯಿಲ್ಲದೆ, ಶುಲ್ಕ ತೆತ್ತು, ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ವೇಗವಾಗಿ ಓಡಿಸಲು ಅವಕಾಶವಿರುವ ದಿನವನ್ನು ಟ್ರ್ಯಾಕ್ ದಿನ ಎನ್ನುತ್ತಾರೆ. ಅದೇ ಕಾರು ಸಂಜೆ ಸಾರ್ವಜನಿಕ ರಸ್ತೆಯಲ್ಲಿ ಮನೆಗೂ ಮರಳಬೇಕಾಗಿರುವುದರಿಂದ, ಅದರ ಸಸ್ಪೆನ್ಷನ್, ಎಂದರೆ ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಸ್ಪ್ರಿಂಗ್, ಡ್ಯಾಂಪರ್, ತೋಳು ಮತ್ತು ಕೀಲಿನ ರಬ್ಬರ್ ಬುಶ್‌ಗಳ ವ್ಯವಸ್ಥೆ, ಅಪ್ಪಟ ರೇಸ್ ಕಾರಿನದರಂತೆ ಇರಲಾಗದು.

ಸ್ಪ್ರಿಂಗ್ ಗಟ್ಟಿಯಾದಷ್ಟೂ ಹಿಡಿತ ಹೆಚ್ಚುತ್ತದೆಂಬ ನಂಬಿಕೆ ಅರ್ಧಸತ್ಯ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಗೆ ಸರಿಯುವ ಒಟ್ಟು ಭಾರವನ್ನು ಮುಖ್ಯವಾಗಿ ಗುರುತ್ವಕೇಂದ್ರದ ಎತ್ತರ, ಎಡಬಲ ಚಕ್ರಗಳ ಅಂತರ ಮತ್ತು ಪಾರ್ಶ್ವ ವೇಗೋತ್ಕರ್ಷ ನಿರ್ಧರಿಸುತ್ತವೆ. 1,000 ಕಿ.ಗ್ರಾಂ. ತೂಕದ ಕಾರಿನ ಗುರುತ್ವಕೇಂದ್ರ 0.45 ಮೀಟರ್ ಎತ್ತರದಲ್ಲಿದ್ದು, ಚಕ್ರಗಳ ಅಂತರ 1.5 ಮೀಟರ್ ಇದ್ದರೆ, ಗುರುತ್ವಕ್ಕೆ ಸಮನಾದ ಪಾರ್ಶ್ವ ವೇಗೋತ್ಕರ್ಷದಲ್ಲಿ, ಸ್ಪ್ರಿಂಗ್ ಮೆತ್ತಗಿರಲಿ ಗಟ್ಟಿಯಾಗಿರಲಿ, ಸುಮಾರು 300 ಕಿ.ಗ್ರಾಂ. ಭಾರ ಹೊರಬದಿಗೆ ಸರಿಯುತ್ತದೆ. ಆ ಭಾರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೇಗೆ ಹಂಚಿಹೋಗಬೇಕೆಂಬುದನ್ನು ಮಾತ್ರ ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್‌ನ (ಎರಡೂ ಬದಿಯ ಚಕ್ರಗಳನ್ನು ಬೆಸೆದು ಓಲಾಟ ತಗ್ಗಿಸುವ ಉಕ್ಕಿನ ಸರಳು) ಬಿಗುವು ತೀರ್ಮಾನಿಸುತ್ತದೆ. ಮುಂಭಾಗ ಹೆಚ್ಚು ಬಿಗಿಯಾದರೆ ಕಾರು ತಿರುಗಲು ಹಿಂಜರಿಯುತ್ತದೆ, ಹಿಂಭಾಗ ಬಿಗಿಯಾದರೆ ಬಾಲ ಜಾರುತ್ತದೆ.

1989ರಲ್ಲಿ ಬಂದ, ನಾಲ್ಕೂ ಚಕ್ರಗಳಿಗೆ ಒಂದರ ಮೇಲೊಂದು ಎರಡು ತೋಳುಗಳ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇರುವ ಮಜ್ದಾ ಎಂಎಕ್ಸ್-5 ಟ್ರ್ಯಾಕ್ ದಿನಗಳ ಅಚ್ಚುಮೆಚ್ಚಿನ ಕಾರು. ಅದರ ಚಕ್ರಗಳಿಗೆ ಮೇಲೆ ಕೆಳಗೆ ಚಲಿಸಲು ಇರುವ ಅವಕಾಶ ಮೊದಲೇ ಕಡಿಮೆ. ಅಂದಕ್ಕಾಗಿ ಕಾರನ್ನು ತೀರಾ ತಗ್ಗಿಸಿದರೆ ತಿರುವಿನ ನಡುವೆ ಡ್ಯಾಂಪರ್ ಬಂಪ್ ಸ್ಟಾಪ್ ಎಂಬ ತಡೆಗೆ ತಾಗಿ, ಆ ಮೂಲೆ ದಿಢೀರನೆ ಬಿಗಿದು, ಮುನ್ಸೂಚನೆಯಿಲ್ಲದೆ ಹಿಡಿತ ತಪ್ಪುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಡ್ಯಾಂಪರೇ ಮೇಲಿನ ತೋಳಿನ ಕೆಲಸ ಮಾಡುವ ಜೋಡಣೆ) ಇರುವ ಕಾರುಗಳಲ್ಲಿ ಇನ್ನೊಂದು ತೊಡಕಿದೆ: ಅತಿಯಾಗಿ ತಗ್ಗಿಸಿದಾಗ ರೋಲ್ ಕೇಂದ್ರವು (ಕಾರಿನ ಒಡಲು ಯಾವ ಬಿಂದುವಿನ ಸುತ್ತ ಓಲುತ್ತದೋ ಅದು) ಗುರುತ್ವಕೇಂದ್ರಕ್ಕಿಂತ ಬೇಗ ಕುಸಿದು, ತಗ್ಗಿಸಿದ ಕಾರು ಇನ್ನಷ್ಟು ಓಲುವ ಪ್ರವೃತ್ತಿ ತೋರುತ್ತದೆ.

ಹೀಗಾಗಿ ಹಣ ಮೊದಲು ಸಲ್ಲಬೇಕಾದದ್ದು ಒಳ್ಳೆಯ ಟೈರಿಗೆ, ಬಳಿಕ ಡ್ಯಾಂಪರಿಗೆ. ಸ್ಪ್ರಿಂಗಿನ ಕುಣಿತವನ್ನು ಶಾಖವಾಗಿಸುವ ಡ್ಯಾಂಪರ್, ಸುತ್ತು ಸುತ್ತು ಓಡಿದಂತೆ ಕಾಯುತ್ತದೆ. ಒಂದರೊಳಗೊಂದು ಎರಡು ಕೊಳವೆಗಳಿರುವ ಸಾಧಾರಣ ಟ್ವಿನ್-ಟ್ಯೂಬ್‌ನಲ್ಲಿ ಎಣ್ಣೆ ನೊರೆಗಟ್ಟಿ ನಿಯಂತ್ರಣ ಸಡಿಲವಾಗುತ್ತದೆ, ಆದರೆ ತೇಲುವ ಪಿಸ್ಟನ್ನಿನಿಂದ ಅನಿಲವನ್ನು ಬೇರ್ಪಡಿಸಿ ಒತ್ತಡದಲ್ಲಿಡುವ ಮೊನೊಟ್ಯೂಬ್ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಕಾರಿನ ಎತ್ತರವನ್ನು ತಿರುಪಿನಿಂದ ಬದಲಿಸಬಹುದಾದ, ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದಾಗಿರುವ ಕಾಯಿಲೋವರ್ ಆಕರ್ಷಕವಾದರೂ, ಅಗ್ಗದ ಕಾಯಿಲೋವರಿಗಿಂತ ಸ್ಪ್ರಿಂಗಿಗೆ ಹೊಂದುವ ಉತ್ತಮ ಸ್ಥಿರ ಡ್ಯಾಂಪರೇ ಮೇಲು. ಟೈರಿನ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ಚಕ್ರದ ಮೇಲ್ಭಾಗವನ್ನು ಒಳಕ್ಕೆ ವಾಲಿಸುವ ನೆಗೆಟಿವ್ ಕ್ಯಾಂಬರನ್ನು ಹೆಚ್ಚಿಸಬೇಕು. ಕ್ಯಾಂಬರನ್ನು ಹೊಂದಿಸಲು ಅವಕಾಶವಿರುವ ಕಾರಿನಲ್ಲಿ ಇದಕ್ಕೆ ತಗಲುವ ವೆಚ್ಚ ಚಕ್ರಗಳ ಅಲೈನ್‌ಮೆಂಟ್‌ನದಷ್ಟೇ.